ಸವೆಯದ ಸೈಕಲ್

ಸೆಪ್ಟೆಂಬರ್ ೩, ಬುಧವಾರ

ಹದಿನೈದನೇ ತಾರೀಖಿನಿಂದ ಆಸ್ಪತ್ರೆಯ ವ್ಯಾನ್ ಇಲ್ಲ. ದೊಡ್ಡ ಸಿಸ್ಟರ್ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನೆಟ್ಟಗೇ ಇದ್ದ ಬ್ಯಾಂಡೇಜಿನ ಸುರುಳಿಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ ನಿಂತರು. "ಹನ್ನೊಂದು ಮನೆ ನಿಮ್ಮದು. ಹೇಗಾದ್ರೂ ಮಾಡಿ ಹೋಗ್ತೀನಿ ಅಂದ್ರೆ ಹೋಗಿ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ, ಗಾಡಿ ಇರೋರು ಯಾರಾದ್ರೂ ಬರ್ತಾರೆ." ಹನ್ನೊಂದು ಮನೆ ಎಂದರೆ ಹನ್ನೊಂದು ಹಾಸಿಗೆ. ಮಲಗಿ ಮಲಗಿ ಬೆನ್ನು ಹುಣ್ಣಾದವರು, ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾದವರು. ಮನೆಗೇ ಹೋಗಿ ಪಟ್ಟಿ ಕಟ್ಟುವುದು ನನ್ನ ಕೆಲಸ. ದಿನಕ್ಕೆ ಇಪ್ಪತ್ತಾರು ಕಿಲೋಮೀಟರ್, ನಡುವೆ ಒಂದು ಗುಡ್ಡ. ಬಸ್ಸು ಗುಡ್ಡದ ತುದಿಗೆ ಬಂದು ತಿರುಗಿ ಹೋಗುತ್ತದೆ. ನನ್ನ ಮನೆಗಳೆಲ್ಲ ಅದರಾಚೆ.

ಇವರಿಗೆ ಹೇಳಿದೆ. ಏಣಿಯಿಂದ ಬಿದ್ದು ತೊಡೆಯೊಳಗೆ ರಾಡು ಹಾಕಿಸಿಕೊಂಡ ಮೇಲೆ ಇವರ ಮಾತೇ ಕಡಿಮೆಯಾಗಿತ್ತು. ಇವತ್ತು ತಾವಾಗಿಯೇ ಬಾಯಿ ಬಿಟ್ಟರು. "ನನ್ನ ಡ್ರಿಲ್ ಮೆಷಿನ್ ಮಾರಿ ಒಂದು ಸೈಕಲ್ ತಗೋ."

"ನಾಳೆ ವೈರಿಂಗ್ ಕೆಲಸ ಬಂದ್ರೆ?"

"ಗೋಡೆ ಕೊರಿಯೋಕೆ ಮೊದಲು ಏಣಿ ಹತ್ತಬೇಕಲ್ಲ ಮಾರಾಯ್ತಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇವರ ಆರ್ಡರ್ ಪುಸ್ತಕದಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿವೆ. ಅದರಲ್ಲೇ ಬರೆಯುತ್ತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗೋಣವೆಂದರೆ ನನಗೆ ಒಡಹುಟ್ಟಿದವರಿಲ್ಲ. ಅಪ್ಪ ಅಮ್ಮ ನನ್ನೊಬ್ಬಳನ್ನೇ ಹೆತ್ತರು, ಒಬ್ಬಳನ್ನೇ ಬಿಟ್ಟು ಹೋದರು.

ಸೆಪ್ಟೆಂಬರ್ ೫, ಶುಕ್ರವಾರ

ಪೋಸ್ಟ್ ತಾತನ ಹಿಮ್ಮಡಿಯ ಹುಣ್ಣು ಅಂಚಿನಲ್ಲಿ ಕೆಂಪಗಾಗುತ್ತಿದೆ. ಒಳ್ಳೆಯ ಲಕ್ಷಣ. ಮೂವತ್ತೈದು ವರ್ಷ ಸೈಕಲ್ ಮೇಲೆ ಕಾಗದ ಹಂಚಿದ ಕಾಲು ಅದು. ಸೈಕಲ್ ಕೊಳ್ಳುವ ವಿಷಯ ಎತ್ತಿದ್ದೇ ತಡ, ತಾತ ದಿಂಬಿಗೆ ಒರಗಿ ಕೂತುಬಿಟ್ಟರು.

"ಹೊಳಪಿಗೆ ಮರುಳಾಗ್ಬೇಡಮ್ಮ. ಉಕ್ಕಿನ ಫ್ರೇಮೇ ಇರಲಿ, ಒಂದು ಸುತ್ತು ಭಾರ ಆದ್ರೂ ಪರವಾಗಿಲ್ಲ. ಕಾಗದದಂಥ ಟಯರ್ ಬೇಡ, ಹೆಬ್ಬೆರಳಿನ ದಪ್ಪ ಇರ್ಬೇಕು. ಚಕ್ರದ ಕಡ್ಡಿಗಳನ್ನ ಒಂದೊಂದೇ ಬೆರಳಲ್ಲಿ ಮೀಟಿ ನೋಡು, ಎಲ್ಲಾದ್ರದ್ದೂ ಒಂದೇ ದನಿ ಇರ್ಬೇಕು. ಪೆಡಲ್ ಹತ್ರ ಬೆಸುಗೆ ಇರತ್ತಲ್ಲ, ಅಲ್ಲಿ ಬಣ್ಣ ಹೊಸದಾಗಿದ್ರೆ ಬಿಟ್ಟು ಎದ್ದು ಬಾ. ಏನೋ ಮುಚ್ಚಿಟ್ಟಿರ್ತಾರೆ."

ಎಲ್ಲ ಬರೆದುಕೊಂಡೆ. ಡ್ರೆಸ್ಸಿಂಗ್ ಮುಗಿಸಿದ್ದು ತಾತನ ಗಮನಕ್ಕೇ ಬರಲಿಲ್ಲ.

ಸೆಪ್ಟೆಂಬರ್ ೭, ಭಾನುವಾರ

ಪಿಟೀಲನ್ನು ಕರೆದುಕೊಂಡು ಹೋಗಿದ್ದೆ. (ಮಗಳು ಹುಟ್ಟಿದ ತಿಂಗಳೆಲ್ಲ ಒಂದೇ ಶ್ರುತಿಯಲ್ಲಿ ಅತ್ತಿದ್ದಕ್ಕೆ ಇವರು ಇಟ್ಟ ಹೆಸರು. ಒಂಬತ್ತು ವರ್ಷವಾದರೂ ಹೋಗಿಲ್ಲ.) ದೊಡ್ಡ ಅಂಗಡಿಯಲ್ಲಿ ಒಂದು ಕೆಂಪು ರೋಡ್ ಸೈಕಲ್ ಇತ್ತು, ಒಂದೇ ಬೆರಳಲ್ಲಿ ಎತ್ತಬಹುದು. ಬೆಲೆ ಕೇಳಿ ಅಷ್ಟೇ ಹಗುರವಾಗಿ ಕೆಳಗಿಟ್ಟೆ. ಕ್ಯಾರಿಯರ್ ಕೂರುತ್ತದೆಯೇ ಎಂದು ಕೇಳಿದರೆ ಮಾರುವವನು ನನ್ನನ್ನು ಪಾಪ ಎನ್ನುವಂತೆ ನೋಡಿದ. "ಇದಕ್ಕೆ ಕ್ಯಾರಿಯರ್ ಹಾಕಿದ್ರೆ ಅವಮಾನ, ಮೇಡಂ."

ಇನ್ನೊಂದು, ಸೈಕಲ್ ಮಾರಾಟಕ್ಕಿದೆ ಎಂದು ಚೀಟಿ ಅಂಟಿಸಿದ್ದ ಮನೆಯೊಂದರಲ್ಲಿ. ಉಕ್ಕಿನದೇ, ಅಗ್ಗ. ಪಿಟೀಲು ಕೆಳಗೆ ಬಗ್ಗಿ, "ಅಮ್ಮಾ, ಇಲ್ಲಿ ಮಾತ್ರ ಬಣ್ಣ ಅಂಟಂಟು ಇದೆ," ಅಂದಳು. ಪೆಡಲಿನ ಹತ್ತಿರ. ಉಗುರಿನಲ್ಲಿ ಕೆರೆದರೆ ಒಳಗೆ ಕೂದಲೆಳೆಯಂಥ ಬಿರುಕು. ಇಳಿಜಾರಿನಲ್ಲಿ ಅದು ತುಂಡಾಗಿದ್ದರೆ ಎಂದು ಯೋಚಿಸಿ ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆಯೇ ಕೂರಿಸಿಕೊಂಡೆ. ಭಾರವಾಗಿದ್ದಾಳೆ.

ಸೆಪ್ಟೆಂಬರ್ ೧೦, ಬುಧವಾರ

ಸಿಕ್ಕಿತು!

ಗುಡ್ಡ ಇಳಿದ ಕೂಡಲೇ ಬಲಕ್ಕೆ ತಗಡಿನ ಚಾವಣಿಯ ಮನೆ. ಎಷ್ಟೋ ಸಲ ವ್ಯಾನಿನಲ್ಲಿ ದಾಟಿ ಹೋಗಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ಇವತ್ತು ಜಗಲಿಗೆ ಆತು ನಿಂತ ಬೂದು ಬಣ್ಣದ ಸೈಕಲ್ ಕಂಡು ವ್ಯಾನ್ ನಿಲ್ಲಿಸಲು ಹೇಳಿದೆ. ಒಳಗೆ ಸಾಲಾಗಿ ಚಕ್ರಗಳನ್ನು ತೂಗುಹಾಕಿದ್ದರು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಂದು ಚಕ್ರ ತಿರುಗಿಸಿ, ಕಣ್ಣು ಮುಚ್ಚಿ, ಅದರ ಸದ್ದು ಕೇಳುತ್ತಿದ್ದರು. ಡೊಂಕಾದ ಚಕ್ರಗಳ ಬೆಂಡು ತೆಗೆಯುವ ಕೆಲಸವಂತೆ. ಅವರು ಮೊದಲು ನೋಡಿದ್ದು ನನ್ನ ಪಾದವನ್ನು, ಆಮೇಲೆ ನಿಧಾನವಾಗಿ ಮೇಲಕ್ಕೆ.

"ದಿನಾ ಓಡಿಸ್ತೀರಾ?"

"ದಿನಾ. ಇಪ್ಪತ್ತಾರು ಕಿಲೋಮೀಟರ್."

"ಹಾಗಾದ್ರೆ ಮಾರ್ತೀನಿ. ನಿಂತಲ್ಲೇ ನಿಲ್ಲೋ ಗಾಡಿ ಅಲ್ಲ ಇದು. ನನ್ನ ತಂಗೀದು."

"ಅವರಿಗೆ ಬೇಡ್ವಾ?"

"ಅವಳಿಲ್ಲ ಈಗ," ಎಂದು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

ತಾತ ಹೇಳಿದ್ದನ್ನೆಲ್ಲ ಪರೀಕ್ಷಿಸಿದೆ. ಕಡ್ಡಿಗಳು ಒಂದೇ ದನಿಯಲ್ಲಿ ನುಡಿದವು. ಹಳೆಯ ಬಣ್ಣ, ಒಂದೂ ಗೀರಿಲ್ಲ. ಕ್ಯಾರಿಯರ್ ಗಟ್ಟಿ, ನನ್ನ ಡ್ರೆಸ್ಸಿಂಗ್ ಪೆಟ್ಟಿಗೆ ಹೇಳಿ ಮಾಡಿಸಿದಂತೆ ಕೂತಿತು. ಡ್ರಿಲ್ಲಿನ ದುಡ್ಡಿನಲ್ಲಿ ಇನ್ನೂ ಮಿಕ್ಕಿತು. ಒಂದೇ ಕೊರತೆ ಎಂದರೆ ಸೀಟು ಎತ್ತರ. ಕಾಲ ತುದಿ ಮಾತ್ರ ನೆಲ ಮುಟ್ಟುತ್ತದೆ. ಇಳಿಸಿಕೊಡಿ ಅಂದರೆ, "ಅದರ ಕಂಬ ತುಕ್ಕಲ್ಲಿ ಕಚ್ಚಿಕೊಂಡಿದೆ. ಇಳಿಯಲ್ಲ. ಹೊಂದ್ಕೊಳ್ತೀರಿ," ಅಂದರು. ಮತ್ತೆ, "ಪ್ರತಿ ಶನಿವಾರ ತಂದು ತೋರಿಸ್ಬೇಕು. ದುಡ್ಡು ಬೇಡ. ಬೇರೆ ಯಾರ ಕೈಗೂ ಕೊಡ್ಬೇಡಿ."

ಇಂಥ ಪುಣ್ಯಾತ್ಮರೂ ಇರುತ್ತಾರೆ.

ಸೆಪ್ಟೆಂಬರ್ ೨೦, ಶನಿವಾರ

ಮೊದಲ ವಾರ ಪ್ರಾಣ ಹೋಯಿತು. ಗುಡ್ಡದ ಏರಿನಲ್ಲಿ ಇಳಿದು ತಳ್ಳಿದೆ, ತೊಡೆ ನಡುಗಿ ನಿಂತೆ, ಒಬ್ಬ ಲಾರಿಯವನು "ಹತ್ತು ಅಕ್ಕಾ ಹತ್ತು" ಎಂದು ಹಾರ್ನ್ ಹೊಡೆದ. ಹನ್ನೊಂದನೇ ಮನೆ ಮುಗಿಸಿ, ಇಲ್ಲಿ ಬಂದು ಅಡುಗೆ, ಇವರ ಸ್ನಾನ, ಪಿಟೀಲಿನ ಲೆಕ್ಕದ ಪಾಠ. ಬರೆಯಲು ಬೆರಳು ಮಡಚುತ್ತಿರಲಿಲ್ಲ.

ಇವತ್ತು ಸೈಕಲ್ ತೋರಿಸಲು ಹೋದೆ. ಅವರು ಸೈಕಲ್ಲನ್ನು ಅರೆಗಳಿಗೆ ನೋಡಿ, ನನ್ನನ್ನು ಬಹಳ ಹೊತ್ತು ನೋಡಿದರು. "ಊಟ ಆಯ್ತಾ?" ಆಗಿರಲಿಲ್ಲ. ಬಡಿಸಿದರು. ಕೂತು ಉಂಡೆ. ನಾನು ಕೂತೇ ಇದ್ದು, ಇನ್ನೊಬ್ಬರು ಎದ್ದು ಬಡಿಸಿ ಎಷ್ಟು ವರ್ಷವಾಗಿತ್ತು! ತಟ್ಟೆ ಎತ್ತಲು ಹೋದರೆ ಕೈ ಮೇಲೆ ಪಟ್ಟೆಂದು ಹೊಡೆದರು.

ವಾಪಸ್ ಬರುವಾಗ ಏರು ಗೊತ್ತಾಗಲಿಲ್ಲ.

ಸೆಪ್ಟೆಂಬರ್ ೩೦, ಮಂಗಳವಾರ

ಸೀಟು ತಾನಾಗಿಯೇ ಇಳಿದಿರಬೇಕು. ಪಾದ ಪೂರ್ತಿ ನೆಲಕ್ಕೆ ತಾಗುತ್ತಿದೆ. ಇವರು ಊರುಗೋಲಿನಿಂದ ಅಳತೆ ನೋಡಿ, "ಇಳಿದಿಲ್ಲ ಕಣೇ, ಗುರುತು ಅಲ್ಲೇ ಇದೆ," ಅಂದರು. ಗುರುತು ನೋಡಿದ್ದು ತಪ್ಪಿರಬೇಕು.

ಪಿಟೀಲು ನನ್ನ ಸಮವಸ್ತ್ರದ ಪ್ಯಾಂಟ್ ಗಿಡ್ಡವಾಗಿದೆ ಎಂದು ನಗುತ್ತಾಳೆ. ಒಗೆದು ಒಗೆದು ಬಟ್ಟೆ ಕುಗ್ಗಿದೆ.

ಅಕ್ಟೋಬರ್ ೩, ಶುಕ್ರವಾರ

ಪೋಸ್ಟ್ ತಾತ ಸೈಕಲ್ ಒಳಗೆ ತರಿಸಿಕೊಂಡು ಹಾಸಿಗೆಯಿಂದಲೇ ಪರೀಕ್ಷೆ ಮಾಡಿದರು. ನನಗೆ ಹೆಮ್ಮೆ. ತಾತ ಟಯರಿನ ಮೇಲೆ ಬೆರಳಾಡಿಸಿದರು. ಹೊಸ ಟಯರಿನ ಮೇಲೆ ಸಣ್ಣ ಸಣ್ಣ ರಬ್ಬರಿನ ಮೀಸೆಗಳಿರುತ್ತವಲ್ಲ, ಎಲ್ಲ ಹಾಗೇ ಇದ್ದವು.

"ಎಷ್ಟು ಓಡಿಸಿದ್ದೀಯ?"

"ನಾನೂರರ ಮೇಲಾಯ್ತು ತಾತ."

"ಬ್ರೇಕ್ ರಬ್ಬರ್ ಸವೆದಿಲ್ಲ. ಚೈನು ಸಡಿಲ ಆಗಿಲ್ಲ. ಅಷ್ಟು ಓಡಿದ್ರೆ ಏನಾದ್ರೂ ಸವೀಲೇಬೇಕಲ್ಲಮ್ಮ." ಎಲ್ಲಿ ಕೊಂಡೆ ಎಂದು ಕೇಳಿದರು. ಹೇಳಿದೆ. ತಾತ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ಚಕ್ರದವಳ ತಂಗಿ ಗೊತ್ತು ನನಗೆ. ಉದ್ದನೆ ಹುಡುಗಿ, ಸೀಟಿ ಹೊಡೀತಾ ಬರ್ತಿದ್ಳು. ಹನ್ನೆರಡು ವರ್ಷದ ಹಿಂದೆ ಗುಡ್ಡದ ಮೇಲಿಂದ ಇಳಿದ್ಳು, ಕೆಳಗೆ ಬರಲೇ ಇಲ್ಲ. ದಾರಿ ಮಧ್ಯ ಗಾಡಿ ಮಾತ್ರ ನೆಟ್ಟಗೆ ನಿಂತಿತ್ತಂತೆ. ಯಾರೂ ಹಿಡಿದಿರಲಿಲ್ಲ, ಯಾವುದಕ್ಕೂ ಒರಗಿಸಿರಲಿಲ್ಲ. ನೀನು ಇದನ್ನ ವಾಪಸ್ ಕೊಟ್ಟುಬಿಡು."

ಕೊಟ್ಟು ಹನ್ನೊಂದು ಮನೆಗೆ ಹೇಗೆ ಹೋಗಲಿ? ವಯಸ್ಸಾದವರು, ಹುಣ್ಣಿನ ಜ್ವರ ಬೇರೆ. ಹೂಂ ಅಂದು ಬಂದೆ. ದಾರಿಯುದ್ದಕ್ಕೂ ಯಾವುದೋ ರಾಗ ಸೀಟಿ ಹೊಡೆಯುತ್ತಾ ಬಂದೆನಂತೆ. ಪಿಟೀಲು ಬಾಗಿಲಲ್ಲಿ ನಿಂತು, "ಅಮ್ಮಾ, ನಿಂಗೆ ಸೀಟಿ ಹೊಡೆಯೋಕೆ ಬರಲ್ವಲ್ಲ?" ಅಂದಳು.

ಅಕ್ಟೋಬರ್ ೧೧, ಶನಿವಾರ

"ಬಂದ್ಯಾ? ಕೈಕಾಲು ತೊಳ್ಕೊ." ಚಕ್ರದವರು ಒಳಗಿನಿಂದಲೇ ಅಂದರು. ಸೈಕಲ್ ನಿಲ್ಲಿಸಿದ ಸದ್ದಿಗೇ ನಾನೆಂದು ಗೊತ್ತಾಗುತ್ತದೆ. ಊಟವಾದ ಮೇಲೆ ತಲೆ ಬಾಚಿದರು. ನನ್ನ ಕೂದಲು ಸಿಕ್ಕಾಗಿ ಹೋಗಿದೆ ಎಂದು ಬೈದರು. ಬಾಚಣಿಗೆ ಹಿಡಿದ ಕೈ ಮೆಲ್ಲಗಿತ್ತು, ಹಾಗೇ ನಿದ್ದೆ ಹತ್ತಿತು. ಎಚ್ಚರವಾದಾಗ ಬಿಸಿಲು ಗೋಡೆ ಬಿಟ್ಟು ಹೋಗಿತ್ತು. ಮೈಮೇಲೆ ಒಂದು ಹೊದಿಕೆ.

ಇಲ್ಲಿ ಮನೆಗೆ ಬಂದರೆ ಇವರು ಗಡಿಯಾರ ತೋರಿಸುತ್ತಾರೆ. ಮನೆಯಲ್ಲಿ ಕೂತವರಿಗೆ ಗಡಿಯಾರ ನೋಡುವುದೊಂದೇ ಕೆಲಸ. ಪಿಟೀಲು ಹಸಿದು ಮಲಗಿದಳಂತೆ. ಒಂಬತ್ತು ವರ್ಷದವಳಿಗೆ ತಟ್ಟೆಗೆ ಬಡಿಸಿಕೊಳ್ಳಲು ಬರುವುದಿಲ್ಲವೇ?

ಅಕ್ಟೋಬರ್ ೧೮, ಶನಿವಾರ

ಅಕ್ಕ ಇವತ್ತು ಹಳೆಯ ದಿನಗಳ ಮಾತೆತ್ತಿದಳು. ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದದ್ದು. ಏರು ಬಂದರೆ ನಾನು ಕ್ಯಾರಿಯರಿನಿಂದ ಇಳಿದು ಹಿಂದಿನಿಂದ ತಳ್ಳಬೇಕು, ಅವಳು ರಾಣಿಯ ಹಾಗೆ ಕೂತಿರುವಳು. "ಊಟ ಮಾಡಿಲ್ವೇನೇ, ಜೋರಾಗಿ ತಳ್ಳು!" ಎಂದು ಅವಳು ಕೂಗಿದಂತೆ ನಾನು ಅಣಕಿಸಿದೆ. ಅಕ್ಕ ನಗುತ್ತಾ ನಗುತ್ತಾ ಅತ್ತಳು.

ಗುಡ್ಡದಾಚೆಯ ಮನೆಗೆ ಬಂದಾಗ ಅವರು ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹುಡುಗಿಯ ಶಾಲೆಯಲ್ಲಿ ಏನೋ ಸಭೆ ಇತ್ತಂತೆ, ನಾನು ಹೋಗಬೇಕಿತ್ತಂತೆ.

ಅಕ್ಟೋಬರ್ ೨೧, ಮಂಗಳವಾರ

ನಾಲ್ಕು ಮನೆಗೆ ಹೋದೆ. ಉಳಿದವು ಎಲ್ಲಿವೆ ಎಂದು ಹೊಳೆಯಲಿಲ್ಲ.

ಅಕ್ಟೋಬರ್ ೨೩, ಗುರುವಾರ

ಹಿಂದಿನ ಕೋಣೆಯಲ್ಲಿ ನನ್ನ ಹಾಸಿಗೆ ಇನ್ನೂ ಹಾಸಿಯೇ ಇದೆ. ಅಕ್ಕ ದಿನಾ ದಿಂಬು ಕೊಡವುತ್ತಿದ್ದಳಂತೆ. ಬೀರುವಿನಲ್ಲಿದ್ದ ಬಟ್ಟೆಗಳು ಈಗ ಅಳತೆಗೆ ಸರಿಯಾಗಿವೆ. ಒಂದು ಪೆಟ್ಟಿಗೆಯ ತುಂಬ ಹತ್ತಿ, ಪಟ್ಟಿ, ಮುಲಾಮು ಇವೆ. ಯಾರದೋ ಏನೋ. ಹಗುರಾಗಲಿ ಎಂದು ಕ್ಯಾರಿಯರಿನಿಂದ ಬಿಚ್ಚಿಟ್ಟೆ.

ಅಕ್ಟೋಬರ್ ೨೬, ಭಾನುವಾರ

ಬೆಳಿಗ್ಗೆ ಜಗಲಿಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಒಬ್ಬ ಮನುಷ್ಯ ಊರುಗೋಲು ಊರಿಕೊಂಡು ಬಂದ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಜೊತೆಗೆ ಒಂದು ಹುಡುಗಿ.

"ಸೈಕಲ್ ನೋಡೋಕಾ?" ಅಂದೆ.

ಹುಡುಗಿ "ಅಮ್ಮಾ" ಅಂದಳು. ನಾನು ಹಿಂದೆ ತಿರುಗಿ ನೋಡಿದೆ. ಅಕ್ಕ ಮಾತ್ರ ಇದ್ದಳು. ಅಕ್ಕನಿಗೆ ಮಕ್ಕಳಿಲ್ಲ.

"ಮೂರು ದಿನ ಆಯ್ತು," ಎಂದ ಆ ಮನುಷ್ಯ. "ದೊಡ್ಡ ಸಿಸ್ಟರ್ ಹತ್ರ ಕೇಳ್ದೆ, ಎಲ್ಲ ಕಡೆ ಕೇಳ್ದೆ. ಕೊನೆಗೆ ಪೋಸ್ಟ್ ತಾತ ಈ ಮನೆ ಗುರುತು ಹೇಳಿದ್ರು. ಅವರ ಕಾಲಿಗೂ ಯಾರೂ ಪಟ್ಟಿ ಕಟ್ಟಿಲ್ಲ, ಗೊತ್ತಾ? ಏಳು. ಮನೆಗೆ ಹೋಗೋಣ."

ಅಕ್ಕ ಮೆಟ್ಟಿಲ ಮೇಲೆ ಬಂದು ನಿಂತಳು. "ತಪ್ಪು ಮನೆಗೆ ಬಂದಿದ್ದೀರಿ. ಇವಳು ನನ್ನ ತಂಗಿ."

"ನಿಮ್ಮ ತಂಗಿ ಹೋಗಿ ಹನ್ನೆರಡು ವರ್ಷ ಆಯ್ತಂತೆ, ಅಕ್ಕಾವ್ರೇ. ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ಜಗಳಕ್ಕೆ ಬಂದಿಲ್ಲ ನಾನು. ಇವಳು ನನ್ನ ಹೆಂಡ್ತಿ."

ಅಕ್ಕ ನನ್ನನ್ನೇ ಕೇಳಿದಳು, "ನೀನು ಯಾರು ಹೇಳೇ?" ನಿನ್ನ ತಂಗಿ, ಅಂದೆ. ಅದರಲ್ಲಿ ಅನುಮಾನವೇನೂ ಇರಲಿಲ್ಲ. ಆ ಮನುಷ್ಯ ಮುಖ ಆಚೆ ತಿರುಗಿಸಿಕೊಂಡ. ಅಷ್ಟರಲ್ಲಿ ಹುಡುಗಿ ಬಂದು ನನ್ನ ಎಡಗೈ ಹಿಡಿದಳು. ಬೆವರಿದ, ಸಣ್ಣ ಕೈ. ಬಿಡಿಸಿಕೊಳ್ಳಲು ನೋಡಿದೆ. ಎರಡೂ ಕೈಯಿಂದ ಹಿಡಿದಳು.

"ಬಸ್ ಸ್ಟಾಪ್ ತನಕ ಬಿಟ್ಟು ಬಾ, ಪಾಪ," ಎಂದಳು ಅಕ್ಕ. "ಗಾಡಿ ತಗೊಂಡು ಹೋಗು. ವಾಪಸ್ ಬರೋಕೆ ಬೇಕಲ್ಲ."

ಬಲಗೈಯಲ್ಲಿ ಸೈಕಲ್, ಎಡಗೈಯಲ್ಲಿ ಹುಡುಗಿ, ಸೊಂಟಕ್ಕೆ ಸಿಕ್ಕಿಸಿದ ಈ ಪುಸ್ತಕ. ಆ ಮನುಷ್ಯ ಮುಂದೆ, ಒಂದು ಹೆಜ್ಜೆ, ಒಂದು ಉಸಿರು. ಬಸ್ಸು ಗುಡ್ಡದ ತುದಿಯಲ್ಲಿ ನಿಲ್ಲುತ್ತದೆ. ಏರು ಶುರುವಾದ ಮೇಲೆ ಸೈಕಲ್ ಭಾರವಾಯಿತು. ದಿನಾ ಹಕ್ಕಿಯಂತೆ ಹಾರುವ ಸೈಕಲ್, ಹಿಂದಿನಿಂದ ಯಾರೋ ಹಿಡಿದು ಎಳೆಯುತ್ತಿದ್ದ ಹಾಗೆ ಜಗ್ಗತೊಡಗಿತು. ಒಂದೇ ಕೈಗೆ ನಿಲ್ಲದು.

"ಒಂದು ನಿಮಿಷ ಕೈ ಬಿಡು ಮರೀ. ಗಾಡಿ ಉರುಳಿ ಹೋಗತ್ತೆ."

"ಹೋಗ್ಲಿ."

"ಅಕ್ಕ ಬೈತಾಳೆ."

"ನಿಂಗೆ ಅಕ್ಕ ಇಲ್ಲ!" ಎಂದು ಹುಡುಗಿ ಕಿರುಚಿದಳು. "ನಿಂಗೆ ಯಾರೂ ಇಲ್ಲ. ನಾವೇ ಇರೋದು!"

ಒಂದೇ ಶ್ರುತಿಯಲ್ಲಿ ಅಳತೊಡಗಿದಳು. ಆ ದನಿ ಕಿವಿಯೊಳಗೆ ಎಲ್ಲೋ ಚುಚ್ಚಿತು. ನನ್ನ ಭುಜ ಕಿತ್ತು ಬರುವಂತಿತ್ತು. ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು. ಯಾಕೆಂದು ಹೇಳಲಾರೆ, ಹ್ಯಾಂಡಲ್ ಬಿಟ್ಟೆ.

ಸೈಕಲ್ ಬೀಳಲಿಲ್ಲ. ಒಂದು ಕ್ಷಣ ಹಾಗೇ ನೆಟ್ಟಗೆ ನಿಂತಿತು. ಆಮೇಲೆ ತಾನಾಗಿಯೇ ಅರ್ಧ ಸುತ್ತು ಹೊರಳಿ, ಇಳಿಜಾರಿನಲ್ಲಿ ನಿಧಾನವಾಗಿ ಹೊರಟು, ತಿರುವಿನಲ್ಲಿ ಬಳಸಿಕೊಂಡು ಮರೆಯಾಯಿತು. ನಾವು ಮೂವರೂ ಕೇಳುತ್ತಾ ನಿಂತೆವು. ಬಿದ್ದ ಸದ್ದು ಬರಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಅಕ್ಕನ ದನಿ ಬಂತು, ಮಾಮೂಲಿನಂತೆ, ಪ್ರೀತಿಯಿಂದ.

"ಬಂದ್ಯಾ? ಕೈಕಾಲು ತೊಳ್ಕೊ."

ನಾನು ಇಲ್ಲೇ ಇದ್ದೆ. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಆ ಮನುಷ್ಯ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಡಿ, ತಿರುಗಿ ನೋಡ್ಬೇಡ," ಅಂದ.

ಅಕ್ಟೋಬರ್ ೨೭, ಸೋಮವಾರ

ಬೆಳಿಗ್ಗೆ. ಯಾರದೋ ಮನೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹುಡುಗಿ ನಿದ್ದೆಯಲ್ಲೂ ಎಡಗೈ ಬಿಟ್ಟಿಲ್ಲ. ಎಚ್ಚರವಾದಾಗಿನಿಂದ ಕಾಲು ನೋವು. ಸಾಮಾನ್ಯ ನೋವಲ್ಲ. ಒಂದೂವರೆ ತಿಂಗಳು ತುಳಿದದ್ದೆಲ್ಲ ಒಂದೇ ಸಲ ಬಂದು ಮಂಡಿ, ಮೀನಖಂಡ, ಪಾದಗಳಲ್ಲಿ ಕೂತಂತೆ. ಪಾದ ಊದಿ ಬೆರಳುಗಳು ಗುರುತು ಸಿಗದಂತಾಗಿವೆ. ಅತ್ತರೂ ಸದ್ದಾಗದಂತೆ ಅತ್ತೆ, ಹುಡುಗಿ ಏಳಬಾರದೆಂದು.

ಆ ಮನುಷ್ಯ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಹೋಗಿ ಎಷ್ಟೋ ಹೊತ್ತು ಪಾತ್ರೆ ಸದ್ದು ಮಾಡಿದ. ಆಮೇಲೆ ಒಂದು ಬೇಸಿನ್ ತುಂಬ ಬಿಸಿನೀರು ತಂದ. ಊರುಗೋಲು ಬಿಟ್ಟು, ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನೀರು ಚೆಲ್ಲುತ್ತಾ. ಕಷ್ಟಪಟ್ಟು ನೆಲಕ್ಕೆ ಕೂತು, ನನ್ನ ಪಾದ ಎತ್ತಿ ನೇರ ನೀರಿಗಿಳಿಸಿದ.

"ಅಯ್ಯೋ, ಸುಡತ್ತೆ ಕಣ್ರೀ!" ಎಂದು ಕಿರುಚಿ ಕಾಲೆಳೆದುಕೊಂಡೆ. "ಮೊದಲು ಮೊಣಕೈ ಅದ್ದಿ ನೋಡಿ ಅಂತ ಎಷ್ಟು ಸಲ ಹೇಳಿಲ್ಲ ನಿಮಗೆ? ಪಿಟೀಲಿಗೂ ಹೀಗೇ ಮಾಡಿದ್ರಿ, ಆರು ತಿಂಗಳ ಕೂಸು, ಮೈಯೆಲ್ಲ ಕೆಂಪಗಾಗಿತ್ತು. ಒಂದು ಚೂರೂ ಬುದ್ಧಿ ಬಂದಿಲ್ಲ. ತಣ್ಣೀರು ತನ್ನಿ ಹೋಗಿ!"

ತಣ್ಣೀರು ತರಲು ಏಳಬೇಕಲ್ಲ, ಏಳಲಿಲ್ಲ. ಬೇಸಿನ್ನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತು, ಭುಜ ಕುಲುಕುತ್ತಾ ಅಳುತ್ತಿದ್ದಾರೆ ಇವರು. ಅಷ್ಟು ಅಳುವಂಥದ್ದು ನಾನೇನು ಅಂದೆನೋ.